ಪಾಲಿಗೆ ಕೊಟ್ಟ ನಾಯಿ

ಆಗ ನನಗೆ ಅರವತ್ತೊಂದು. ಈಗ್ಗೆ ಎಂಟು ವರ್ಷದ ಹಿಂದಿನ ಮಾತು. ಗಡಹಿಂಗ್ಲಜದಿಂದ ನೂಲಕ್ಕೆ ಹೋಗುವ ದಾರಿಯ ಬಗಲಿಗೆ ನಮ್ಮ ಹೊಲ, ಹೊಲದಲ್ಲೇ ಮನೆ. ಮಗ ಸೊಸೆ ಊರೊಳಗೆ ಅಂಗಡಿ ನೋಡಿಕೊಂಡಿದ್ದರು, ದಿನಾ ಹಾಲು ಒಯ್ಯಲು ಬರುತ್ತಿದ್ದರು. ಹೊಲದ ಮನೆಯಲ್ಲಿ ನಾನು, ನಮ್ಮವರು, ಎಮ್ಮೆಗಳು, ಮತ್ತೆ ಮೂರು ನಾಯಿ.

ನಾಯಿಗಳಿಗೆ ಅಳತೆಯೇ ಹೆಸರು. ಗಿಡ್ಡಿ, ನಡುವಿನದು, ದೊಡ್ಡದು. ಬೇರೆ ಹೆಸರು ಹುಡುಕುವ ಪುರಸೊತ್ತು ನನಗಿರಲಿಲ್ಲ.

ಗಿಡ್ಡಿ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಂದದ್ದು. ಅವರು ಗಾಡಿ ಹೂಡಿಕೊಂಡು ಹೋಗುವ ದಿನ ಅದು ರವದಿಯ, ಅಂದರೆ ಕಬ್ಬಿನ ಒಣ ಗರಿಯ ಒಟ್ಟಿಲಿನೊಳಗೆ ಅಡಗಿ ಕೂತಿತ್ತು. ಅವರು ಕರೆದರು, ಬರಲಿಲ್ಲ, ಹೋದರು. ಎತ್ತರ ಅಂದರೆ ಹೊರಸಿನ ಕೆಳಗೆ ತಲೆ ಬಗ್ಗಿಸದೆ ಓಡಾಡುವಷ್ಟು. ಬಾಯಿ ಮಾತ್ರ ಕಬ್ಬಿನ ಟ್ರ್ಯಾಕ್ಟರಿನ ಹಾರ್ನಿನಷ್ಟು. ನಡುವಿನದು ನಮ್ಮ ಹಿತ್ತಲಲ್ಲೇ ಹುಟ್ಟಿದ ಕೆಂಚು ನಾಯಿ. ಅದಕ್ಕೆ ಕೆಲಸ ಗೊತ್ತಿತ್ತು, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ದೊಡ್ಡದನ್ನು ತಂದವನು ನನ್ನ ತಮ್ಮ. ಇಚಲಕರಂಜಿಯಲ್ಲಿ ಅವನಿಗೆ ಮಗ್ಗದ ಶೆಡ್ ಇದೆ. ಕಾವಲಿಗೆ ಅಂತ ವಿಲಾಯತಿ ಜಾತಿಯ ಮರಿ ತಂದಿದ್ದ. ಮಗ್ಗ ಶುರುವಾದರೆ ಸಾಕು, ಆ ಮರಿ ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಇಚಲಕರಂಜಿಯಲ್ಲಿ ಮಗ್ಗ ನಿಲ್ಲುವುದು ಯಾವಾಗ? ಮರಿಗೆ ನಿದ್ದೆಯಿಲ್ಲ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ದಿನ ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಬಂದ.

"ಅಕ್ಕಾ, ಇದು ಬೆಳದರ ಎಮ್ಮಿ ಕರು ಅಷ್ಟ ಆಗತೈತಿ ನೋಡ."

"ಎಮ್ಮಿ ಕರು ಬೆಳದ ಹಾಲ ಕೊಡತೈತಿ. ಇದು ಬೆಳದ ಏನ ಕೊಡತೈತಿ?"

"ಕಾಯತೈತಿ."

"ಮಗ್ಗದ ಸಪ್ಪಳಕ್ಕ ಉಚ್ಚಿ ಹೊಯ್ಯೂದು ಕಳ್ಳನ್ನ ಕಾಯತೈತೇನ?"

ಅವನು ನಕ್ಕ. ಹೋಗುವಾಗ ಒಂದು ಮಾತು ಹೇಳಿ ಹೋದ. ಈ ಜಾತಿಯ ನಾಯಿಯನ್ನು ಎತ್ತಿಕೊಂಡು ಹೋಗಿ ಮಾರುವವರಿದ್ದಾರೆ, ಬಿಡಬೇಡಿರಿ, ಕಟ್ಟಿ ಹಾಕಿರಿ ಅಂತ. ಆ ಮಾತನ್ನು ನಮ್ಮವರು ಶಾಸ್ತ್ರದ ಹಾಗೆ ಪಾಲಿಸಿದರು.

ನಮ್ಮವರು ನೇಮದ ಮನುಷ್ಯ. ನಾವು ಜೈನರು, ಹೊತ್ತು ಮುಳುಗುವ ಮೊದಲು ಉಣ್ಣುತ್ತೇವೆ, ನೀರು ಸೋಸಿ ಕುಡಿಯುತ್ತೇವೆ, ಅದರಲ್ಲಿ ಹೊಸದೇನಿಲ್ಲ. ಇವರು ಅದಕ್ಕಿಂತ ಒಂದು ಕೈ ಮುಂದೆ. ಒಲೆ ಹೊತ್ತಿಸುವ ಮೊದಲು ಕಟ್ಟಿಗೆಯೊಳಗೆ ಇರುವೆ ಇವೆಯೇನು ಅಂತ ಒಂದೊಂದೇ ಬಡಿದು ನೋಡುವವರು. ಚಾತುರ್ಮಾಸದಲ್ಲಿ ಬಸದಿಗೆ ಮುನಿಗಳು ಬಂದು ನಿಂತರಂತೂ ಮನೆಯಲ್ಲಿ ಇವರದೇ ಇನ್ನೊಂದು ಬಸದಿ. ನಾಯಿ ಮುಟ್ಟುವ ರೂಢಿ ಇವರಿಗೆ ಎಂದೂ ಇರಲಿಲ್ಲ. ರೊಟ್ಟಿ ಎಸೆದು ಕೈ ತೊಳೆದುಕೊಳ್ಳುವುದು ಅಷ್ಟೇ. ಆದರೆ ಆ ಮರಿ ಬಂದ ದಿನವೇ ಇವರ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಮಗ್ಗವಿಲ್ಲದ ಜಾಗದಲ್ಲಿ ಅದಕ್ಕೆ ಮೊದಲ ನಿದ್ದೆ. ಇವರು ಕಾಲು ಎಳೆದುಕೊಳ್ಳಲಿಲ್ಲ. ನಾನು ಊಟಕ್ಕೆ ಕರೆದೆ. "ತಡಿ, ಮಲಗೈತಿ," ಅಂದರು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನಾನು ಮಲಗಿದ್ದೇನೆ ಅಂತ ಇವರು ಯಾವತ್ತೂ ತಡೆದವರಲ್ಲ.

ಮೂರು ನಾಯಿಗೂ ನಮ್ಮ ಜೊತೆಗೇ ಊಟ, ಹೊತ್ತು ಮುಳುಗುವ ಮೊದಲು. ಮೆಕ್ಕೆಜೋಳವನ್ನೂ ಜೋಳವನ್ನೂ ಕೂಡಿಸಿ ದಪ್ಪಗೆ ಬೀಸಿ, ಅಂಗೈ ದಪ್ಪದ ರೊಟ್ಟಿ ಬಡಿದು ಮಜ್ಜಿಗೆಯಲ್ಲಿ ನೆನೆಸಿ ಇಡುತ್ತಿದ್ದೆ. ದೊಡ್ಡದಕ್ಕೆ ಕಲ್ಲಿನ ದೋಣಿ, ನಡುವಿನದಕ್ಕೆ ಹಳೆಯ ಕಬ್ಬಿಣದ ಬುಟ್ಟಿ, ಗಿಡ್ಡಿಗೆ ಒಂದು ಮುಚ್ಚಳ. ಗಿಡ್ಡಿಗೆ ಮೊದಲು ಹಾಕಬೇಕು. ಇಲ್ಲದಿದ್ದರೆ ಅದು ಉಳಿದ ಎರಡರ ದೋಣಿಯ ಮುಂದೆ ಹೋಗಿ ಹಲ್ಲು ಕಿಸಿದು ನಿಲ್ಲುತ್ತಿತ್ತು. ದೊಡ್ಡದರ ತಲೆಯೇ ಗಿಡ್ಡಿಯ ಮೈಯಷ್ಟಾದ ಮೇಲೂ, ಗಿಡ್ಡಿ ಉಂಡು ಬಾಯಿ ಒರೆಸಿಕೊಳ್ಳುವವರೆಗೆ ದೊಡ್ಡದು ದೋಣಿಗೆ ಬಾಯಿ ಹಾಕುತ್ತಿರಲಿಲ್ಲ. ಜೊಲ್ಲು ಮಾತ್ರ ಸುರಿಯುತ್ತಿತ್ತು.

ಇದನ್ನು ನೋಡಿ ನಮ್ಮವರಿಗೆ ಒಂದು ನಂಬಿಕೆ ಹುಟ್ಟಿತು. ನಾಯಿಗಳು ಮನೆಯ ಆಚಾರ ಹಿಡಿದಿವೆ ಅಂತ. ಬಸದಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳುತ್ತಿದ್ದರು.

"ನಮ್ಮ ನಾಯಿ ಮಾಂಸಾ ಮುಟ್ಟಂಗಿಲ್ಲರಿ. ಜ್ವಾಳದ ರೊಟ್ಟಿ, ಮಜ್ಜಿಗಿ. ಹೊತ್ತ ಮುಣಗಿದ ಮ್ಯಾಲ ನೀರ ಸುದ್ಧಾ ಕುಡ್ಯಂಗಿಲ್ಲ."

ಕೆಲವರು ನೋಡಲು ಬಂದರು. ಒಬ್ಬಾಕೆ ಗಿಡ್ಡಿಗೆ ಕೈ ಮುಗಿದಳು. ಗಿಡ್ಡಿ ಅವಳ ಚಪ್ಪಲಿ ಕಚ್ಚಿಕೊಂಡು ಹೋಯಿತು.

ನಿಜ ಏನೆಂದರೆ, ನಮ್ಮ ಹೊಲದ ಅಂಚಿಗೆ ಒಂದು ಹಳ್ಳ. ಹಳ್ಳದಾಚೆ ಒಬ್ಬಾಕೆ ಕೋಳಿ ಸಾಕಿಕೊಂಡಿದ್ದಳು, ಸ್ವಲ್ಪ ಶೇಂಗಾ ಬೆಳೆಯುತ್ತಿದ್ದಳು. ಗಂಡ ಇಲ್ಲ. ವಯಸ್ಸಿನಲ್ಲಿ ನನಗಿಂತ ಸಣ್ಣವಳು, ನನಗೆ ಕಾಕು ಅನ್ನುತ್ತಿದ್ದಳು. ರವಿವಾರ ಮತ್ತು ಬುಧವಾರ ಅವಳ ಮನೆಯಲ್ಲಿ ಮಸಾಲೆ ಅರೆದರೆ ವಾಸನೆ ನಮ್ಮ ಎಮ್ಮೆಗಳ ಗೋದಲಿಯವರೆಗೆ ಬರುತ್ತಿತ್ತು. ಆ ದಿನ ಗಿಡ್ಡಿಯೂ ನಡುವಿನದೂ ಮುಂಜಾನೆಯಿಂದಲೇ ಮಾಯ. ಸಂಜೆಗೆ ಬಂದು ನನ್ನ ರೊಟ್ಟಿಯನ್ನು ಮೂಸಿ ಮಲಗಿಬಿಡುತ್ತಿದ್ದವು. ಗಿಡ್ಡಿಯ ಮೂತಿಗೆ ಪುಕ್ಕ ಅಂಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥ ದಿನ ಉಪವಾಸದ ತಿಥಿಯೇನಾದರೂ ಬಿದ್ದರೆ, "ಇವತ್ತ ಇವು ಊಟಾ ಬಿಟ್ಟಾವ, ಚತುರ್ದಶಿ ಅಲ್ಲೇನ," ಅಂತ ನಮ್ಮವರು ಖುಷಿಪಡುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಟ್ಟಿ ಹಾಕಿದ್ದು ದೊಡ್ಡದೊಂದನ್ನೇ. ಹೀಗಾಗಿ ನಮ್ಮ ಮನೆಯಲ್ಲಿ ನಿಜವಾಗಿ ರೊಟ್ಟಿಯ ಮೇಲೆ ಬೆಳೆದ ನಾಯಿ ಅದೊಂದೇ.

ಮಳೆ ಹಿಡಿಯುವ ಹೊತ್ತಿಗೆ ಅದರ ಮುಂಗಾಲು ಡೊಂಕಾಗತೊಡಗಿದವು. ಅದು ಕೂರುವ ರೀತಿಯೇ ಹಾಗಿರಬೇಕು ಅಂತ ಮೊದಲು ಅಂದುಕೊಂಡೆ. ಆಮೇಲೆ ಮಣಿಕಟ್ಟು ಬಾತು ನಿಂಬೆಹಣ್ಣಿನಷ್ಟಾದವು. ಪಂಜ ಹೊರಗೆ ತಿರುಗಿದವು. ನಿಂತರೆ ಒಲೆಗುಂಡಿನ ಮೇಲೆ ಓರೆಯಾಗಿ ಇಟ್ಟ ಗಡಿಗೆಯ ಹಾಗೆ ಕಾಣುತ್ತಿತ್ತು. ನಮ್ಮವರು ನಿಶ್ಶಕ್ತಿ ಅಂದರು. ರೊಟ್ಟಿಗೆ ತುಪ್ಪ ಸುರಿದರು. ಶೇಂಗಾ ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಮ್ಮ ಕೈಯಿಂದ ತಿನ್ನಿಸಿದರು. ಎಲುಬಿಗೆ ಸುಣ್ಣ ಒಳ್ಳೆಯದು ಅಂತ ಯಾರೋ ಹೇಳಿದರು, ಎಲೆಗೆ ಹಚ್ಚುವ ಸುಣ್ಣವನ್ನು ಕಡಲೆಯಷ್ಟು ಮಜ್ಜಿಗೆಯಲ್ಲಿ ಕದಡಿ ಹಾಕಿದರು. ಎಮ್ಮೆಯ ಹಾಲು ಹಾಕಿದರೆ ಅದಕ್ಕೆ ಹೊಟ್ಟೆ ಹರಿಯುತ್ತಿತ್ತು, ಅದನ್ನು ಬಿಟ್ಟರು. ತುಪ್ಪ ತಿಂದು ನಾಯಿ ದಪ್ಪವಾಯಿತು. ದಪ್ಪವಾದಷ್ಟೂ ಕಾಲು ಬಾಗಿದವು. ಒಂದು ಮುಂಜಾನೆ ಏಳಲು ಹೋಗಿ ಮುಗ್ಗರಿಸಿ ಬಿತ್ತು. ಮತ್ತೆ ಏಳಲಿಲ್ಲ. ಮೈ ಇಷ್ಟು ದೊಡ್ಡದು, ಅಳುವ ದನಿ ಮಾತ್ರ ಬೆಕ್ಕಿನ ಮರಿಯದು.

ಗಡಹಿಂಗ್ಲಜದ ದನದ ದವಾಖಾನೆಯಲ್ಲಿ ಮುಟ್ಟಿ ನೋಡಿ, ಎಲುಬಿನ ಫೋಟೋ ತೆಗೆಸಬೇಕು, ಕೊಲ್ಲಾಪುರಕ್ಕೆ ಒಯ್ಯಿರಿ ಅಂದರು. ಮಗ ಒಂದು ಟೆಂಪೋ ಗೊತ್ತು ಮಾಡಿಕೊಟ್ಟ. ಕೊಲ್ಲಾಪುರದ ಆ ದವಾಖಾನೆಯಲ್ಲಿ ಬೆಂಚಿನ ಮೇಲೆ ಹೆಂಗಸರು ತೊಡೆಯ ಮೇಲೆ ಮೊಲದಂಥ ನಾಯಿ ಇಟ್ಟುಕೊಂಡು ಕೂತಿದ್ದರು. ಒಂದಕ್ಕೆ ಅಂಗಿ ಬೇರೆ. ನಾವು ನಮ್ಮದನ್ನು ಗೋಣಿಚೀಲದ ಮೇಲೆ ಎಳೆದುಕೊಂಡು ಒಳಗೆ ಹೋದೆವು.

ಡಾಕ್ಟರು ಹರೆಯದ ಹುಡುಗಿ. ನಾವಿಬ್ಬರು ಕನ್ನಡದಲ್ಲಿ ಜಗಳಾಡುವುದನ್ನು ಕೇಳಿ ತಾನೂ ಕನ್ನಡಕ್ಕೆ ಬಂದಳು, ನಿಪ್ಪಾಣಿ ಕಡೆಯವಳಂತೆ. ಫೋಟೋ ಬೆಳಕಿಗೆ ಹಿಡಿದು ನೋಡಿದಳು.

"ಏನ ಹಾಕತೀರಿ ಕಾಕಾ ಇದಕ್ಕ?"

ನಮ್ಮವರು ಎದೆ ಮುಂದೆ ಮಾಡಿದರು. "ರೊಟ್ಟಿ. ಪೂರ್ಣ ಶಾಕಾಹಾರಿ."

"ಅದಕ್ಕ ಹಿಂಗಾಗೇತಿ. ಎಲುಬು ಪಪ್ಪಾಯಿ ದೇಟಿನಂಗ ಆಗ್ಯಾವ ನೋಡ್ರಿ. ಮ್ಯಾಲ ತುಪ್ಪಾ ಹಾಕಿ ತೂಕಾ ಬ್ಯಾರೆ ಹೆಚ್ಚ ಮಾಡೀರಿ. ಇದು ಭಾಳ ಬೆಳಿಯೂ ಜಾತಿ. ಔಷಧ ಬರದ ಕೊಡತೇನಿ, ಆದ್ರ ಬರೇ ಔಷಧಲೆ ಆಗಂಗಿಲ್ಲ. ತತ್ತಿ ಹಾಕ್ರಿ. ಎಲುಬಿನ ಸಾರ ಹಾಕ್ರಿ."

ನಮ್ಮವರು ನಾಯಿಯ ಕಿವಿ ಸವರಿದರು. "ಬ್ಯಾರೆ ಏನರ ಹೇಳ್ರಿ."

ಅವಳು ನಾಯಿ ತಿನ್ನುವ ಕಾಳಿನ ಚೀಲ ತಂದು ಇಟ್ಟಳು. ನನಗೆ ಓದು ಅಷ್ಟಕ್ಕಷ್ಟೇ, ಅದೂ ಇಂಗ್ಲಿಷು ಏನೂ ಬಾರದು. ಆದರೆ ಚೀಲದ ಮೇಲೆ ಕೋಳಿಯ ಚಿತ್ರ ಇತ್ತು. ನಮ್ಮವರು ಚೀಲವನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದರು.

ಅವಳು ಸಿಟ್ಟಾಗಲಿಲ್ಲ. "ನಮ್ಮ ಮನ್ಯಾಗೂ ತಿನ್ನಂಗಿಲ್ಲರಿ ಕಾಕಾ. ಆದ್ರ ಅದರ ಹಲ್ಲ ನೋಡ್ರಿ, ನಿಮ್ಮ ಹಲ್ಲ ನೋಡ್ರಿ. ತಿಂಗಳಾ ಎರಡ ತಿಂಗಳಾ ನೋಡೂಣು. ಎದ್ದ ನಿಲ್ಲಲಿಲ್ಲ ಅಂದ್ರ ಇದನ್ನ ನರಳಸೂದು ಛಲೋ ಅಲ್ಲ. ಸೂಜಿ ಹಾಕಿ ಮಲಗಸೂದ ಛಲೋ."

"ನಮ್ಮ ಮನ್ಯಾಗ ಇನ್ನೂ ಎರಡ ಅದಾವ," ಅಂದರು ನಮ್ಮವರು. ದನಿ ಇಳಿದಿತ್ತು. "ಅವೂ ಇದ ರೊಟ್ಟಿ ತಿಂತಾವ. ಅವಕ್ಕೇನೂ ಆಗಿಲ್ಲಲಾ?"

ಹುಡುಗಿ ನನ್ನ ಮುಖ ನೋಡಿದಳು. ಹೆಂಗಸರಿಗೆ ಹೆಂಗಸರ ಮುಖ ತಿಳಿಯುತ್ತದೆ.

"ಅವು ಹಳ್ಳದಾಚೆ ಊಟಕ್ಕ ಹೋಗತಾವ," ಅಂದೆ ನಾನು.

ಟೆಂಪೋ ಮನೆಯ ದಾರಿ ಹಿಡಿಯಿತು. ಕಾಗಲ ದಾಟಿದ ಮೇಲೆ ನಮ್ಮವರು ಕೇಳಿದರು.

"ಎಂದಿನಿಂದ?"

"ಗಿಡ್ಡಿ ಬಂದಾಗಿಂದ."

"ನನಗ್ಯಾಕ ಹೇಳಲಿಲ್ಲ?"

"ನೀವು ಬಸದಿ ಕಟ್ಟಿ ಮ್ಯಾಲ ಕುಂತ ಊರಿಗೆಲ್ಲಾ ಹೇಳಾಕತ್ತಿದ್ರಿ. ನಾ ನಡಕ ಬಾಯಿ ಹಾಕಿ ನಿಮ್ಮ ಮಾರಿ ತಗ್ಗಸಲೇನು?"

ಅವರು ಕೈ ಹಿಂದೆ ಚಾಚಿ ನಾಯಿಯ ತಲೆ ಮೇಲೆ ಇಟ್ಟರು. ಮನೆ ಬರುವವರೆಗೆ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಕೆಲವು ದಿನ ಮನೆಯಲ್ಲಿ ಒಲೆ ಉರಿದರೂ ಉಂಡಂತೆ ಆಗಲಿಲ್ಲ. ಇವರು ಚಮಚದಲ್ಲಿ ಔಷಧ ಕುಡಿಸುವುದು, ನಾಯಿ ಅವರ ಕೈ ನೆಕ್ಕುವುದು, ಮತ್ತೆ ಏಳಲು ಹೋಗಿ ಬೀಳುವುದು. ನಾನು ಹೇಳಿದೆ, ದನದ ಕೊಟ್ಟಿಗೆಯ ಹಿಂದೆ ಕಲ್ಲು ಹೂಡಿ ಬೇರೆ ಗಡಿಗೆಯಲ್ಲಿ ತತ್ತಿ ಕುದಿಸಿ ಹಾಕುತ್ತೇನೆ, ನೀವು ಆ ಕಡೆ ಬರಬೇಡಿರಿ ಅಂತ. ನನಗೂ ಅದು ಹಿಡಿಸುವ ಕೆಲಸವಲ್ಲ. ಆದರೆ ಹೆರಿಗೆ ಮಾಡಿಸಿದ್ದೇನೆ, ಸತ್ತ ಕರು ಎಳೆದು ಹಾಕಿದ್ದೇನೆ, ತತ್ತಿ ಏನು ದೊಡ್ಡದು.

"ಕೊಟಗಿ ಹಿಂದ ಅಂದ್ರ ನನ್ನ ಮನಿ ಅಲ್ಲೇನ?" ಅಂದರು. "ಮುನಿಗಳ ಮುಂದ ಕೈ ಮುಗದ ನೇಮಾ ತೊಗೊಂಡೇನಿ. ಕೊಟಗಿ ಬಿಟ್ಟ ತೊಗೊಂಡೇನಿ ಅಂತ ಹೇಳಲೇನು?"

ಆ ಮಾತಿನಲ್ಲಿ ತಪ್ಪೇನಿಲ್ಲ. ನಾನು ಗಡಿಗೆ ಎತ್ತಿಟ್ಟೆ. ತಮ್ಮನಿಗೆ ಫೋನು ಮಾಡಿದರೆ ಅವನು, "ಅಕ್ಕಾ, ಯಾಕ ಹೈರಾಣ ಆಗತೀರಿ, ಸೂಜಿ ಹಾಕಸಿ ಬಿಡ್ರಿ, ಬ್ಯಾರೆ ಮರಿ ಕೊಡಸತೇನಿ," ಅಂದ. ನಮ್ಮವರು ನನ್ನ ಕೈಯಿಂದ ಫೋನು ಕಸಿದುಕೊಂಡು ಬಂದ್ ಮಾಡಿದರು.

ನನಗೆ ಹೊಳೆದದ್ದು ಎಮ್ಮೆಗೆ ಹಿಂಡಿ ಕಲಸುವಾಗ. ನಮ್ಮ ಕಡೆ ಮೇವು ಇಲ್ಲದವರು ಕರುವನ್ನು ಮೇವು ಇದ್ದವರ ಮನೆಗೆ ಪಾಲಿಗೆ ಕೊಡುತ್ತಾರೆ. ಅವರು ಮೇಯಿಸಿ ಬೆಳೆಸಬೇಕು. ಈದ ಮೇಲೆ ಹಾಲೋ ಕರುವೋ ಇಬ್ಬರೂ ಹಂಚಿಕೊಳ್ಳಬೇಕು. ಮೇವು ಯಾರದೋ ಅವರ ಮನೆಯ ಮೇವು, ಅವರ ಮನೆಯ ಪದ್ಧತಿ. ಕೊಟ್ಟವರು ಬಂದು ಏನು ಹಾಕಿದೆ ಅಂತ ಕೇಳುವ ಹಾಗಿಲ್ಲ.

"ನಾಯಿನ್ನ ಹಳ್ಳದಾಚೆ ಪಾಲಿಗೆ ಕೊಡೂಣು," ಅಂದೆ.

"ನಾಯಿನ್ನ ಯಾರರ ಪಾಲಿಗೆ ಕೊಡತಾರೇನ?"

"ಶಾಕಾಹಾರಿ ನಾಯಿ ಯಾರರ ಸಾಕತಾರೇನ?"

ಅವರು ಹೋಗಿ ಗೋಣಿಚೀಲ ತಂದರು.

ಚೀಲದ ಒಂದು ಕಡೆ ಅವರು, ಒಂದು ಕಡೆ ನಾನು. ನಡುವೆ ನಾಯಿ. ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು. ನನ್ನ ಸೊಂಟ ಹಿಡಿಯಿತು, ಅವರ ಉಸಿರು ಹಿಡಿಯಿತು. ಗಿಡ್ಡಿ ಮಾತ್ರ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಾ ಮುಂದೆ ಹೊರಟಿತ್ತು, ತವರುಮನೆಗೆ ನಮ್ಮನ್ನು ಕರೆದುಕೊಂಡು ಹೋಗುವವಳ ಹಾಗೆ.

ಹಳ್ಳದಾಚೆಯಾಕೆ ಅಂಗಳದಲ್ಲಿ ನಿಂತು ನೋಡುತ್ತಿದ್ದಳು.

"ಏನ ಕಾಕಾ, ನಾಯಿ ಸತ್ತೈತೇನು? ಹೂಳಾಕ ನನ್ನ ಹೊಲಾನ ಸಿಕ್ತ?"

"ಜೀವಂತ ಐತಿ," ಅಂದೆ. "ಪಾಲಿಗೆ ಕೊಡಾಕ ಬಂದೇವಿ."

ಅವಳು ನಾಯಿಯನ್ನು ಸುತ್ತು ಹಾಕಿ ನೋಡಿದಳು. ಕೋಳಿ ಕೊಳ್ಳುವವರು ನೋಡುವ ಹಾಗೆ ಕಾಲು ಹಿಚುಕಿದಳು.

"ಗಂಡನಾಯಿ. ಈಯಂಗಿಲ್ಲ, ಹಿಂಡಂಗಿಲ್ಲ. ಇದರಾಗ ನನ್ನ ಪಾಲ ಏನ?"

ನಾನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನಮ್ಮವರು ವ್ಯವಹಾರಕ್ಕೆ ಕೂತವರ ಹಾಗೆ ಗಂಭೀರವಾಗಿ ಬಾಯಿಬಿಟ್ಟರು.

"ಬೊಗಳೂದು ಅರ್ಧಾ ನಿಂದು."

ಅವಳು ಸೆರಗು ಬಾಯಿಗೆ ಇಟ್ಟುಕೊಂಡು ಕೂತುಬಿಟ್ಟಳು. "ಯಾವ ಅರ್ಧಾ ನಂದು, ಯಾವ ಅರ್ಧಾ ನಿಮ್ಮದು, ಈಗ ಹೇಳಿಬಿಡ್ರಿ ಮತ್ತ. ಆಮ್ಯಾಲ ಜಗಳ ಬ್ಯಾಡ."

"ಹಂದಿಗೆ ಬೊಗಳೂದು ನಿಂದು. ಕಳ್ಳಗ ಬೊಗಳೂದು ನಂದು."

"ನಿಮ್ಮ ಮನ್ಯಾಗ ಕಳ್ಳಗ ಏನ ಸಿಗತೈತಿ ಕಾಕಾ, ಮಜ್ಜಿಗಿ?"

ನಾನು ನಕ್ಕೆ. ನಮ್ಮವರೂ ನಕ್ಕರು, ಆ ಮಳೆಗಾಲದಲ್ಲಿ ಮೊದಲ ಸಲ. ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ನಮ್ಮವರು ಆ ಹೊತ್ತಿಗೆ ಬೇಲಿಯ ಕಡೆ ಹೋಗಿ ನಿಂತರು. ಔಷಧದ ಬಾಟಲಿ ಕೊಡುವಾಗ ಮಾತ್ರ ಬಂದು ಹೇಳಿದರು.

"ಏನ ಹಾಕತಿ ಅಂತ ನನಗ ಹೇಳಬ್ಯಾಡವಾ."

"ನಾ ಹೇಳಂಗಿಲ್ಲ ಕಾಕಾ. ಕೋಳಿ ಕೂಗಿ ಹೇಳಿದರ ನನಗ ಬಯ್ಯಬ್ಯಾಡ್ರಿ."

ಬರುವಾಗ ನಾಯಿ ಹಿಂದಿನಿಂದ ಕೂಗಿತು. ನಾನು ತಿರುಗಿ ನೋಡಲಿಲ್ಲ. ಇವರು ನೋಡಿದರು, ನೋಡುತ್ತಾ ಹಳ್ಳದಲ್ಲಿ ಕಾಲು ಜಾರಿ ಸೊಂಟದವರೆಗೆ ತೊಯ್ಸಿಕೊಂಡರು.

ಮನೆಯಲ್ಲಿ ಎರಡು ನಾಯಿ ಉಳಿದವು. ನಾನು ರೊಟ್ಟಿ ಕಡಿಮೆ ಬಡಿದೆ. ಇವರದು ಹೊಸ ರೂಢಿ ಶುರುವಾಯಿತು. ಸಂಜೆ ಉಂಡು ಕೈ ತೊಳೆದು ಹಳ್ಳದ ಈಚೆ ದಂಡೆಗೆ ಹೋಗಿ ನಿಲ್ಲುವುದು. ದಾಟುತ್ತಿರಲಿಲ್ಲ. ದಾಟಿದರೆ ಅಂಗಳ, ಅಂಗಳದಲ್ಲಿ ದೋಣಿ, ದೋಣಿಯಲ್ಲಿ ಏನಿದೆಯೋ ಅದು ಕಾಣುತ್ತದೆ. ದಂಡೆಯಿಂದಲೇ ಕರೆಯುವರು. ನಾಯಿ ಹೊಟ್ಟೆಯ ಮೇಲೆ ತೆವಳುತ್ತಾ ಆಚೆ ದಂಡೆಗೆ ಬಂದು ಮಲಗುವುದು. ಇವರು ಏನೇನೋ ಹೇಳುವರು. ಕಬ್ಬಿಗೆ ನೀರು ಬಿಟ್ಟದ್ದು, ಮೆಣಸಿನ ಗಿಡಕ್ಕೆ ರೋಗ ಬಿದ್ದದ್ದು. ನನಗೆ ಹೇಳದ ಸುದ್ದಿ ಎಲ್ಲಾ ನಾಯಿಗೆ.

"ನಾಯಿ ಜೋಡಿ ಮಾತಾಡೂ ಅಷ್ಟರಾಗ ಎಮ್ಮಿ ಮೈ ತೊಳಿಬಹುದಿತ್ತ," ಅಂದೆ ಒಂದು ದಿನ.

"ಎಮ್ಮಿ ಕೇಳಂಗಿಲ್ಲ," ಅಂದರು.

ಗಣಪತಿ ಕಳೆಯಿತು. ಹಳ್ಳದ ನೀರು ತಿಳಿಯಾಯಿತು. ಒಂದು ಸಂಜೆ ಇವರು ದಂಡೆಯಿಂದ ಬಂದವರು ನನ್ನ ಜೊತೆ ಮಾತಾಡದೆ ಎಮ್ಮೆಗೆ ನೀರು ಕುಡಿಸಿದರು. ಕುಡಿಸಿದ್ದನ್ನು ಮರೆತು ಮತ್ತೆ ಕುಡಿಸಲು ಹೋದರು. ಎಮ್ಮೆ ಮುಖ ತಿರುಗಿಸಿತು. ನಾಯಿ ಎದ್ದು ನಿಂತಿದೆ ಅಂತ ನನಗೆ ತಿಳಿಯಿತು. ಕೇಳಲಿಲ್ಲ. ಕೇಳಿದ್ದರೆ ಮೂರನೆಯ ಸಲವೂ ಎಮ್ಮೆಗೆ ನೀರು ಕುಡಿಸಲು ಹೋಗುತ್ತಿದ್ದರು.

ದಸರೆಯ ಹೊತ್ತಿಗೆ ಅದು ತಾನೇ ಹಳ್ಳ ದಾಟಿ ಈಚೆ ಬಂತು. ಕುಂಟುತ್ತಾ ಬಂದು ಇವರ ಎದೆಯ ಮೇಲೆ ಎರಡೂ ಕಾಲು ಇಟ್ಟು ಮುಖ ಪೂರಾ ನೆಕ್ಕಿತು. ಬಾಯಿಂದ ಏನು ವಾಸನೆ ಬಂದಿರಬೇಕೋ ಬಂತು. ಇವರು ಅದನ್ನು ತಳ್ಳಲಿಲ್ಲ, ಬಯ್ಯಲಿಲ್ಲ. ಮನೆಗೆ ಬಂದು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರು, ಬಟ್ಟೆ ಬದಲಿಸಿದರು, ಜಪಕ್ಕೆ ಕೂತರು. ಮಾರನೆಯ ದಿನ ಮತ್ತೆ ದಂಡೆಗೆ ಹೋದರು, ಮತ್ತೆ ನೆಕ್ಕಿಸಿಕೊಂಡರು, ಮತ್ತೆ ಸ್ನಾನ. ಆ ತಿಂಗಳು ಪೂರ್ತಿ ಹೀಗೇ. ಒಗೆಯುವ ಧೋತರ ಇಮ್ಮಡಿಯಾಯಿತು. ಅವಳು ಆಚೆ ದಂಡೆಯಿಂದ ನೋಡಿ ಕೂಗುವಳು:

"ಕಾಕು, ಕಾಕಾಗ ನಾಯಿನ್ನ ತೊಳಿಯೂದು ಹಗರ ಆಗತಿತ್ತು ನೋಡ್ರಿ."

"ನಾಯಿ ಒಂದ ಸಲ ಹೇಳಿದರ ಕೇಳತೈತವಾ," ಅಂದೆ ನಾನು.

ದೀಪಾವಳಿ ಆದ ಮೇಲೆ ಮುನಿಗಳು ಚಾತುರ್ಮಾಸ ಮುಗಿಸಿ ಮುಂದಿನ ಊರಿಗೆ ವಿಹಾರ ಹೊರಟರು. ನಾಯಿಯನ್ನು ಮತ್ತೆ ಕೊಲ್ಲಾಪುರಕ್ಕೆ ತೋರಿಸಬೇಕಿತ್ತು. ಟೆಂಪೋ ಹಳ್ಳದಾಚೆಯ ದಾರಿಗೆ ಹೋಗಿ ನಿಂತಾಗ ಅದು ತಾನೇ ಹತ್ತಿತು. ನಾವು ಎತ್ತುವಷ್ಟು ಸಣ್ಣದಾಗಿ ಅದು ಉಳಿದಿರಲೂ ಇಲ್ಲ. ಅವಳು ಅದರ ಬೆನ್ನಿನ ಮೇಲಿನ ಕಸ ತೆಗೆಯುತ್ತಾ ಹೇಳಿದಳು.

"ಡಾಕ್ಟರ ಬರೋಬ್ಬರಿ ಐತಿ ಅಂದ್ರ ನಿಮ್ಮ ಮನಿಗೇ ಒಯ್ಯಿರಿ ಕಾಕಾ. ಪಾಲ ಮುಗಿತು." ಆಮೇಲೆ ಮೆಲ್ಲಗೆ, "ಈ ವರ್ಷ ಶೇಂಗಾಕ್ಕ ಹಂದಿ ಬರಲಿಲ್ಲ," ಅಂದಳು. ಅಷ್ಟು ಹೇಳಿ ಕೋಳಿ ಅಟ್ಟಲು ಹೋದಳು. ಅಲ್ಲಿ ಅಟ್ಟುವಂಥ ಕೋಳಿ ಯಾವುದೂ ಇರಲಿಲ್ಲ.

ಡಾಕ್ಟರ ಹುಡುಗಿ ಹೊಸ ಫೋಟೋ ನೋಡಿ ಖುಷಿಪಟ್ಟಳು. ಎಲುಬು ಗಟ್ಟಿಯಾಗಿವೆ ಅಂದಳು. ಎಡಗಾಲಿನ ಪಂಜ ಸ್ವಲ್ಪ ಹೊರಗೆ ತಿರುಗಿಯೇ ಉಳಿಯುತ್ತದೆ, ಓಡಾಟಕ್ಕೆ ತೊಂದರೆಯಿಲ್ಲ. ನಮ್ಮವರು ಕೇಳಿದರು.

"ಇನ್ನ ಮನಿಗೆ ತಂದ ರೊಟ್ಟಿ ಮ್ಯಾಲ ಇಟ್ಟರ ನಡಿತೈತ್ರ್ಯಾ?"

ಅವಳು ಸುಳ್ಳು ಹೇಳಲಿಲ್ಲ. "ಸಾಯಂಗಿಲ್ಲರಿ. ಆದ್ರ ಇದು ಇನ್ನೂ ಬೆಳಿಯೂದೈತಿ. ಈಗ ತಿನ್ನೂದನ್ನ ಬಿಡಸಿದರ ಮತ್ತ ಸೊರಗತೈತಿ. ಯಾವ ಕೈ ಇದನ್ನ ಎಬ್ಬಿಸಿ ನಿಲ್ಲಸೇತಿ, ಅದ ಕೈಲೇ ನಡೀಲಿ."

ಬರುವಾಗ ನಾಯಿ ಇವರ ತೊಡೆಯ ಮೇಲೆ ತಲೆ ಇಟ್ಟು ಮಲಗಿತ್ತು. ನೂಲದ ದಾರಿಯಲ್ಲಿ ಒಂದು ಕವಲು ಬರುತ್ತದೆ. ಎಡಕ್ಕೆ ತಿರುಗಿದರೆ ನಮ್ಮ ಮನೆ, ಬಲಕ್ಕೆ ತಿರುಗಿ ಸಣ್ಣ ಸೇತುವೆ ದಾಟಿದರೆ ಅವಳದು. ಟೆಂಪೋದವನು ಎಡಕ್ಕೆ ತಿರುಗಿಸಲು ಹೋದ.

"ಅಕಡೆ," ಅಂದರು ನಮ್ಮವರು, ಬಲಕ್ಕೆ ಕೈ ತೋರಿಸಿ.

ಅವಳು ಅಂಗಳದಲ್ಲಿ ಇರಲಿಲ್ಲ. ನಾಯಿ ಇಳಿದು ನೇರ ತನ್ನ ಜಾಗಕ್ಕೆ, ಶೇಂಗಾ ಬಳ್ಳಿಯ ಬಣವೆಯ ಮಗ್ಗುಲಿಗೆ ಹೋಗಿ ಕೂತಿತು. ಇವರು ಅದನ್ನು ಕೊರಳಲ್ಲಿದ್ದ ನಮ್ಮ ಹಗ್ಗದಿಂದಲೇ ಅಲ್ಲಿ ಕಟ್ಟಿ ಬಂದರು.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಬೇಗ ಬೇಗ ಎರಡು ರೊಟ್ಟಿ ಬಡಿದೆ, ಬೆಳಗಿನ ಪಲ್ಯ ಇತ್ತು. ಉಂಡರು. ಸರಿಯಾಗಿಯೇ ಉಂಡರು. ನಾನು ಕೇಳಿಯೇ ಬಿಡಬೇಕು ಅಂತ ಕೇಳಿದೆ. ಇಂಥ ಮಾತು ಅರ್ಧಕ್ಕೆ ಬಿಟ್ಟರೆ ಮುಂದೆ ಇಬ್ಬರ ಮನ ಕೆಡುತ್ತದೆ.

"ಪಾಲಿನ ಮ್ಯಾಲ ಬಿಟ್ಟ ಬಂದ್ರ್ಯೋ, ಪೂರಾ ಕೊಟ್ಟ ಬಂದ್ರ್ಯೋ?"

ಅವರು ತಾಟಿನಲ್ಲೇ ಕೈ ತೊಳೆದರು. "ಪೂರಾ."

"ತಿಳದ ಹೇಳಾಕತ್ತೀರಿಲ್ಲ?"

"ನನ್ನ ನೇಮಾ ನಂದು. ಅದರ ಕಾಲಿಗ್ಯಾಕ ಕಟ್ಟಲಿ?"

ಇಷ್ಟು ಹೇಳಿ, ಹೊತ್ತು ಪೂರ್ತಿ ಮುಳುಗುವ ಮೊದಲು ಒಂದು ತಂಬಿಗೆ ನೀರು ಕುಡಿದು ಬಾಯಿ ಒರೆಸಿಕೊಂಡು ಜಪಕ್ಕೆ ಹೋದರು. ಆ ಸಂಜೆ ದಂಡೆಗೆ ಹೋಗಲಿಲ್ಲ. ಇವರು ಅಳುತ್ತಾರೇನೋ ಅಂದುಕೊಂಡಿದ್ದೆ. ಅಳಲಿಲ್ಲ. ನನಗೆ ಇವರ ಮೇಲೆ ಎಷ್ಟೋ ಸಲ ಸಿಟ್ಟು ಬಂದಿದೆ, ಬಸದಿಯ ಕಟ್ಟೆಯ ಮೇಲಿನ ಆ ಮಾತಿಗೂ ಬಂದಿತ್ತು. ಆ ಸಂಜೆ ಬರಲಿಲ್ಲ.

ನಮ್ಮಲ್ಲಿ ದನವನ್ನು ಪಾಲಿಗೆ ಕೊಟ್ಟರೆ ನಮ್ಮ ಕಣ್ಣಿಯ ಸಮೇತ ಕೊಡುತ್ತೇವೆ, ಹಗ್ಗ ನಮ್ಮದು ಇರುವವರೆಗೆ ದನ ನಮ್ಮದು. ಪೂರಾ ಕೊಟ್ಟರೆ ಕಣ್ಣಿ ಬಿಚ್ಚಿ ತರಬೇಕು, ತೆಗೆದುಕೊಂಡವರು ತಮ್ಮ ಕಣ್ಣಿ ಹಾಕಿಕೊಳ್ಳಬೇಕು. ಆ ಕೆಲಸಕ್ಕೆ ಇವರು ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಾರನೆಯ ದಿನ ಮುಂಜಾನೆ ಎಮ್ಮೆ ಹಿಂಡಿ, ಹಾಲು ಮಗನ ಗಾಡಿಗೆ ಏರಿಸಿ, ನಾನೇ ಹಳ್ಳ ದಾಟಿದೆ. ಅವಳು ನನ್ನ ಬರಿಗೈ ನೋಡಿದಳು, ನಾಯಿಯ ಕಡೆ ನಡೆದದ್ದನ್ನು ನೋಡಿದಳು, ಏನೂ ಕೇಳದೆ ಒಳಗೆ ಹೋಗಿ ಆಡಿಗೆ ಕಟ್ಟುವ ಒಂದು ಹೊಸ ಹಗ್ಗ ತಂದಳು. ನಾನು ನಮ್ಮದನ್ನು ಬಿಚ್ಚಿದೆ. ಅವಳು ತನ್ನದನ್ನು ಹಾಕಿದಳು. ಮನೆಗೆ ಬಂದು ಆ ಕಣ್ಣಿಯಿಂದ ಎಮ್ಮೆಯ ಕರುವನ್ನು ಕಟ್ಟಿದೆ.